ನಮ್ಮೂರ ಸಾಲಿಗೆ ಬಂದು ಹೋದವರು

ನಮ್ಮೂರಲ್ಲಿ ಮಾಸ್ತರುಗಳಿಗೆ ಹೆಸರಿರಲಿಲ್ಲ. ಇತ್ತು ಅನ್ನಿ, ಆದ್ರೆ ನಾವು ಹೆಸರು ಕಲಿಯೋವಷ್ಟರಲ್ಲಿ ಅವರು ಹೋಗಿಬಿಟ್ಟಿರುತ್ತಿದ್ದರು. ಹಾಗಾಗಿ ಯಾವ ಊರಿಂದ ಬಂದರೋ ಅದೇ ಅವರ ಹೆಸರು. ಹಾಸನದ ಮಾಸ್ತರು, ಶಿವಮೊಗ್ಗದ ಟೀಚರು, ಬಿಜಾಪುರ ಮಾಸ್ತರು, ಮೈಸೂರು ಟೀಚರು. ಕರ್ನಾಟಕದ ನಕಾಶೆ ನನಗೆ ಬಾಯಿಪಾಠ ಆಗಿದ್ದೇ ಹೀಗೆ ಬಂದು ಹೋದವರ ಊರುಗಳಿಂದ.

ರಾಯಚೂರು ಜಿಲ್ಲೆಯ ಒಂದು ಸಣ್ಣ ಹಳ್ಳಿ ನಮ್ಮದು. ನಮ್ಮ ಕಡೆ ಶಾಲೆಗೆ ಸಾಲಿ ಅಂತಾರೆ. 1992ರಲ್ಲಿ ಒಂದನೇತ್ತಕ್ಕೆ ಸೇರಿ 1999ರಲ್ಲಿ ಏಳನೇತ್ತ ಪಬ್ಲಿಕ್ ಪರೀಕ್ಷೆ ಬರೆದೆ. ಈ ಏಳು ವರ್ಷದಲ್ಲಿ ನನಗೆ ಪಾಠ ಹೇಳಿದವರು ಹದಿಮೂರು ಜನ. ಇದನ್ನ ಬೆಂಗಳೂರಿನ ನನ್ನ ಆಫೀಸಿನವರಿಗೆ ಹೇಳಿದರೆ, "ಅಯ್ಯೋ, ನಮಗೂ ಸಬ್ಜೆಕ್ಟಿಗೆ ಒಬ್ಬರಂತೆ ಅಷ್ಟೇ ಜನ ಇದ್ರು" ಅಂತಾರೆ. ಅವರಿಗೆ ಅರ್ಥ ಆಗೋದಿಲ್ಲ. ನಮ್ಮ ಸಾಲಿಯಲ್ಲಿ ಹಲಗೆ ಮುಂದೆ ನಿಲ್ಲೋರು ಒಂದು ಹೊತ್ತಿಗೆ ಇಬ್ಬರು, ಬಹಳ ಅಂದ್ರೆ ಮೂವರು. ಹದಿಮೂರು ಜನ ಬಂದಿದ್ದು ಒಬ್ಬರ ಹಿಂದೆ ಒಬ್ಬರು.

ಹೋದ ವರ್ಷ ಜಾತ್ರೆಗೆ ಊರಿಗೆ ಹೋದಾಗ ಈಗಿನ ಹೆಡ್‌ಮಾಸ್ತರು ಕರೆ ಕಳಿಸಿದರು. ಸಾಲಿಯ ಕಂಪ್ಯೂಟರಿಗೆ ಪ್ರಿಂಟರು ಮಾತಾಡುತ್ತಿಲ್ಲವಂತೆ. ಊರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ಪ್ರಿಂಟರು, ಮೊಬೈಲು, ಟಿವಿ ಎಲ್ಲದಕ್ಕೂ ವೈದ್ಯ. ಪ್ರಿಂಟರು ಹತ್ತು ನಿಮಿಷದಲ್ಲಿ ಸರಿಹೋಯಿತು. ಆಮೇಲೆ ಚಹಾ ಕುಡಿಯುತ್ತಾ ಕೂತಿದ್ದಾಗ ಮೂಲೆಯಲ್ಲಿದ್ದ ತಗಡಿನ ಟ್ರಂಕಿನಲ್ಲಿ ಹಳೇ ಶಿಕ್ಷಕರ ಹಾಜರಿ ಪುಸ್ತಕಗಳು ಕಂಡವು. ಅರ್ಧ ಗೆದ್ದಲು ತಿಂದಿದ್ದವು, ಅರ್ಧ ಚೆನ್ನಾಗಿದ್ದವು. ಒಂದೊಂದು ಪುಟದಲ್ಲೂ ಸಹಿಗಳ ಸಾಲು. ನಡುವೆ ಎಲ್ಲೋ ಒಂದು ಕಡೆ ಕೆಂಪು ಶಾಯಿಯಲ್ಲಿ, "ಈ ದಿನ ಮಧ್ಯಾಹ್ನ ಕರ್ತವ್ಯದಿಂದ ಬಿಡುಗಡೆ". ಅಲ್ಲಿಗೆ ಆ ಸಹಿ ಮುಗಿಯಿತು. ಕೆಲವು ತಿಂಗಳು ಆ ಸಾಲು ಖಾಲಿ. ಆಮೇಲೆ ಹೊಸ ಸಹಿ.

ನನ್ನ ಕೆಲಸವೇ ಇಂಥ ಸಾಲುಗಳನ್ನು ಎಕ್ಸೆಲ್‌ಗೆ ಹಾಕಿ ನೋಡೋದು. ಎರಡು ದಿನ ಕೂತು ಸಿಕ್ಕಷ್ಟನ್ನೂ ಹಾಕಿದೆ. ಪಕ್ಕದೂರಿಂದ ಸೈಕಲ್ ಮೇಲೆ ಬರುತ್ತಿದ್ದ ಒಬ್ಬ ಮಾಸ್ತರು ಇಪ್ಪತ್ತು ವರ್ಷಕ್ಕೂ ಹೆಚ್ಚು ಇದ್ದರು. ಅವರನ್ನು ಬಿಟ್ಟರೆ ಉಳಿದವರಲ್ಲಿ ಮೂರು ವರ್ಷ ದಾಟಿದವರು ಬೆರಳೆಣಿಕೆ.

ನಮ್ಮ ಕಂಪನಿಗಳಲ್ಲಿ ಇದಕ್ಕೆ ಅಟ್ರಿಷನ್ ಅಂತಾರೆ. ಒಬ್ಬ ರಾಜೀನಾಮೆ ಕೊಟ್ಟರೆ ತಿಂಗಳುಗಟ್ಟಲೆ ನೋಟಿಸ್ ಪೀರಿಯಡ್ ಇರುತ್ತೆ. ಅಷ್ಟರಲ್ಲಿ ಅವನು ತನಗೆ ಗೊತ್ತಿರೋದನ್ನೆಲ್ಲ ಮುಂದಿನವನಿಗೆ ದಾಟಿಸಬೇಕು, ಕೆಟಿ ಕೊಡಬೇಕು. ಅದು ಯಾವುದೋ ಬ್ಯಾಂಕಿನ ಬಿಲ್ಲಿಂಗ್ ಕೋಡು, ಅಷ್ಟೇ. ನಮ್ಮ ಸಾಲಿಯಲ್ಲಿ ನಲವತ್ತು ಮಕ್ಕಳಲ್ಲಿ ಯಾರಿಗೆ ಭಾಗಾಕಾರ ಬರುತ್ತೆ, ಯಾರಿಗೆ ಒತ್ತಕ್ಷರ ಬರಲ್ಲ, ಯಾರಿಗೆ ಹಿಂದೆ ಕೂತರೆ ಹಲಗೆ ಕಾಣಲ್ಲ ಅನ್ನೋದು ಒಬ್ಬ ಮಾಸ್ತರಿಗೆ ಗೊತ್ತಾಗೋದಕ್ಕೆ ಒಂದು ವರ್ಷ ಬೇಕು. ಅದು ಗೊತ್ತಾದ ದಿನ ಬಿಡುಗಡೆ ಆದೇಶ ಬರುತ್ತಿತ್ತು. ಚಾರ್ಜ್ ಕೊಡುವಾಗ ಕುರ್ಚಿ ಎಷ್ಟು, ಗಂಟೆ ಎಷ್ಟು, ನಕಾಶೆ ಎಷ್ಟು ಅಂತ ಪಟ್ಟಿ ಬರೆದು ಕೊಡುತ್ತಿದ್ದರು. ಮಕ್ಕಳ ಬಗ್ಗೆ ಬರೆದು ಕೊಡೋಕೆ ಆ ಪಟ್ಟಿಯಲ್ಲಿ ಜಾಗ ಇರಲಿಲ್ಲ.

ಇದು ಯಾಕೆ ಹೀಗಾಯಿತು ಅಂತ ಹುಡುಕುತ್ತಾ ಹೋದೆ. ಹುಡುಕುತ್ತಾ ಎರಡು ನೂರು ವರ್ಷ ಹಿಂದಕ್ಕೆ ಹೋದೆ.

ನಮ್ಮ ಜಿಲ್ಲೆಯ ಪಕ್ಕದ್ದೇ ಬಳ್ಳಾರಿ. ಮದ್ರಾಸ್ ಪ್ರಾಂತ್ಯದಲ್ಲಿ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಗೂ ನಿಮ್ಮಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ ಅಂತ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಉತ್ತರ ಬರೆದ. ಜಿಲ್ಲೆಯಲ್ಲಿ 533 ಶಾಲೆ, 6,641 ವಿದ್ಯಾರ್ಥಿಗಳು. ಭಾಗಿಸಿ ನೋಡಿದರೆ ಒಂದು ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳು. ಇವೇ ನಮ್ಮ ಕೂಲಿಮಠಗಳು, ನಮ್ಮ ಕಡೆಯ ಗಾಂವಟಿ ಸಾಲಿಗಳು. ಯಾರದೋ ಮನೆಯ ಪಡಸಾಲೆ ಅಥವಾ ಗುಡಿಯ ಕಟ್ಟೆ. ನೆಲದ ಮೇಲೆ ಮರಳು ಹಾಸಿ ಬೆರಳಲ್ಲಿ ಬರೆಯೋದು, ಮಗ್ಗಿ ಕೂಗೋದು. ಮಾಸ್ತರಿಗೆ ಸಂಬಳ ಅಂದ್ರೆ ಮಕ್ಕಳ ಮನೆಯವರು ಕೊಡೋ ಒಂದಿಷ್ಟು ದುಡ್ಡು, ಒಂದಿಷ್ಟು ಕಾಳು.

ಈ ಕೂಲಿಮಠದ ಮಾಸ್ತರು ವರ್ಗ ಆಗುತ್ತಿರಲಿಲ್ಲ. ಅವನಿಗೆ ಹೋಗೋಕೆ ಬೇರೆ ಜಾಗವೇ ಇರಲಿಲ್ಲ. ಅಪ್ಪನಿಗೆ ಕಲಿಸಿದವನೇ ಮಗನಿಗೂ ಕಲಿಸುತ್ತಿದ್ದ. ಊರಿಗೆ ಬರ ಬಂದರೆ ಅವನ ಹೊಟ್ಟೆಗೂ ಬರ. ಇದನ್ನು ಓದಿದಾಗ ಮೊದಲು ನನಗೆ ಅನಿಸಿದ್ದು, ಆಹಾ, ಎಂಥ ಚೆಂದದ ವ್ಯವಸ್ಥೆ, ಇಂಗ್ಲಿಷರು ಬಂದು ಕೆಡಿಸಿದರು ಅಂತ. ಆದ್ರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಆ 6,641 ವಿದ್ಯಾರ್ಥಿಗಳಲ್ಲಿ ಹುಡುಗಿಯರು ಕೇವಲ 60. ಇಡೀ ಜಿಲ್ಲೆಗೆ ಅರವತ್ತು. ಇನ್ನು ಹೊಲಗೇರಿ ಮಾದಿಗೇರಿಯ ಮಕ್ಕಳು ಆ ಪಡಸಾಲೆ ಹತ್ತುವ ಮಾತೇ ಇರಲಿಲ್ಲ. ಊರಿಗೆ ಅಂಟಿಕೊಂಡ ಮಾಸ್ತರು ಊರ ಕಟ್ಟುಪಾಡಿಗೂ ಅಂಟಿಕೊಂಡಿದ್ದ. ಊರವರು ಕಾಳು ಕೊಟ್ಟರೆ ಮಾತ್ರ ಅವನ ಒಲೆ ಉರಿಯೋದು. ಅವರು ಬೇಡ ಅಂದ ಮಗುವನ್ನು ಅವನು ಹೇಗೆ ಕೂರಿಸಿಕೊಂಡಾನು?

ಸರ್ಕಾರಿ ಮಾಸ್ತರು ಅನ್ನೋ ಹೊಸ ಜಾತಿ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಎರಡನೇ ಅರ್ಧದಲ್ಲಿ. ಮೈಸೂರು ಸೀಮೆಯಲ್ಲಿ ಲೂಯಿಸ್ ರೈಸ್ 1868ರ ಹೊತ್ತಿಗೆ ಹೋಬಳಿಗೊಂದು ಶಾಲೆಯ ಯೋಜನೆ ತಂದರು. ಶಾಸನಗಳನ್ನು ಸಂಗ್ರಹಿಸಿದ ರೈಸ್ ಅಂತ ನಮಗೆ ಗೊತ್ತಲ್ಲ, ಅವರೇ. ಆ ಕಡೆ ಮುಂಬೈ ಪ್ರಾಂತ್ಯದ ಧಾರವಾಡದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಮರಾಠಿ ಶಾಲೆಗಳ ನಡುವೆ ಕನ್ನಡ ಶಾಲೆಗಳನ್ನು ನಿಲ್ಲಿಸಿದರು. ಅವರ ಹೆಸರಿನ ಜೊತೆ ಅಂಟಿಕೊಂಡಿರುವ 'ಡೆಪ್ಯುಟಿ' ಅನ್ನೋದೇ ಶಿಕ್ಷಣ ಇಲಾಖೆಯ ಹುದ್ದೆ. ಇಲ್ಲಿಂದ ಮಾಸ್ತರಿಗೆ ತರಬೇತಿ ಬಂತು, ತಿಂಗಳ ಸಂಬಳ ಬಂತು, ಮೇಲಧಿಕಾರಿ ಬಂದ. ಮೇಲಧಿಕಾರಿ ಬಂದ ಮೇಲೆ ವರ್ಗಾವಣೆಯೂ ಬಂತು. ಮಾಸ್ತರು ಊರಿನವನಾಗಿದ್ದವನು ಇಲಾಖೆಯವನಾದ.

ಇದರಲ್ಲಿ ಊರು ಕಳಕೊಂಡಿದ್ದೂ ಇದೆ, ಗಳಿಸಿದ್ದೂ ಇದೆ. ಗಳಿಸಿದ್ದು ಏನು ಅಂತ ನನ್ನ ಗೆಳೆಯನ ಕಥೆ ಹೇಳುವಾಗ ಹೇಳ್ತೀನಿ.

ನಮ್ಮ ರಾಯಚೂರಿನ ಕಥೆ ಇನ್ನೂ ಬೇರೆ. ನಾವು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವರು. ಆಡಳಿತ ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ಕನ್ನಡದಲ್ಲಿ ಓದಬೇಕು ಅಂದ್ರೆ ಕಲಬುರಗಿಯ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ, ಇಂಥ ಕೆಲವೇ ದೀಪಗಳು. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಶಾಲೆ ತೆಗೆಯಿರಿ ಅಂತ ಸರ್ಕಾರ ಹೇಳಿತು. ತೆಗೆದರು. ಆದ್ರೆ ಕನ್ನಡದಲ್ಲಿ ಓದಿ ತರಬೇತಿ ಪಡೆದ ಮಾಸ್ತರನ್ನು ಎಲ್ಲಿಂದ ತರೋದು? ಹೊರಗಿಂದಲೇ ಬರಬೇಕು. ನಮ್ಮಜ್ಜನಿಗೆ ಅಕ್ಷರ ಕಲಿಸಿದವರು ಬಿಜಾಪುರದ ಕಡೆಯವರು. ಅಜ್ಜ ಅವರನ್ನ ನೆನೆಸಿಕೊಂಡಾಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಭಾಳ ಛಲೋ ಮನಿಷ್ಯಾ. ದಸರಾ ಸೂಟಿಗೆ ಊರಿಗೆ ಹ್ವಾದಾಂವ ಹೊಳ್ಳಿ ಬರಲೇ ಇಲ್ಲ."

ಇಲ್ಲಿ ಒಂದು ಚಕ್ರ ಇದೆ ನೋಡಿ. ಊರಲ್ಲಿ ಓದಿದವರಿಲ್ಲ, ಅದಕ್ಕೆ ಮಾಸ್ತರು ಹೊರಗಿಂದ ಬರಬೇಕು. ಹೊರಗಿಂದ ಬಂದವರು ನಿಲ್ಲಲ್ಲ. ನಿಲ್ಲದೇ ಹೋದ್ರೆ ಮಕ್ಕಳು ಕಲಿಯಲ್ಲ. ಮಕ್ಕಳು ಕಲಿಯದೇ ಹೋದ್ರೆ ಮುಂದಿನ ತಲೆಮಾರಿಗೂ ಊರವರು ಯಾರೂ ಮಾಸ್ತರಾಗಲ್ಲ. ಮತ್ತೆ ಹೊರಗಿಂದ ಬರಬೇಕು. 2001ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 66ರ ಮೇಲಿತ್ತು, ರಾಯಚೂರಿನದು ಶೇ. 49ನ್ನೂ ಮುಟ್ಟಿರಲಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿ ಕೊಟ್ಟಿತು. ಅದರಲ್ಲಿ 21 ನಮ್ಮ ಗುಲಬರ್ಗಾ ವಿಭಾಗದವು.

ನಾನು ಸಾಲಿಗೆ ಹೋಗುವ ಹೊತ್ತಿಗೆ ಈ ಚಕ್ರ ಇನ್ನೂ ಜೋರಾಗಿ ತಿರುಗುತ್ತಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಹಿಂದೆಯೇ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಬಂತು. ಯಾವ ಶಾಲೆಯೂ ಒಬ್ಬರೇ ಮಾಸ್ತರಿನ ಶಾಲೆ ಆಗಿರಬಾರದು, ಕನಿಷ್ಠ ಇಬ್ಬರು ಇರಬೇಕು, ಎರಡು ಕೋಣೆ ಇರಬೇಕು ಅಂತ. 1994ರಿಂದ 1999ರವರೆಗೆ ಎಚ್. ಜಿ. ಗೋವಿಂದೇಗೌಡರು ಶಿಕ್ಷಣ ಮಂತ್ರಿ. ಶೃಂಗೇರಿಯಿಂದ ಗೆದ್ದವರು. ಅವರ ಕಾಲದಲ್ಲಿ ಸಾವಿರಾರು ಪ್ರಾಥಮಿಕ ಶಿಕ್ಷಕರ ನೇಮಕ ಆಯಿತು. ದುಡ್ಡಿಲ್ಲದೆ, ಶಿಫಾರಸಿಲ್ಲದೆ, ಬರೀ ಅಂಕದ ಮೇಲೆ ನೌಕರಿ ಸಿಕ್ಕಿತು ಅಂತ ಇವತ್ತಿಗೂ ಆಗ ಸೇರಿದ ಮಾಸ್ತರುಗಳು ಅವರ ಹೆಸರು ಹೇಳಿ ಕೈ ಮುಗಿಯುತ್ತಾರೆ. ಬಡವರ ಮನೆ ಹುಡುಗ ಹುಡುಗಿಯರು, ದಲಿತರ ಮನೆಯಲ್ಲಿ ಮೊದಲ ಸಲ ಟಿಸಿಎಚ್ ಮಾಡಿದವರು ನೌಕರಿ ಹಿಡಿದರು.

ಹಾಗೆ ನೌಕರಿ ಹಿಡಿದವರಲ್ಲಿ ದಕ್ಷಿಣದ ಜಿಲ್ಲೆಗಳವರು ಎಷ್ಟೋ ಜನ ನಮ್ಮ ಕಡೆ ಬಂದರು. ಅಲ್ಲಿ ಪೈಪೋಟಿ ಹೆಚ್ಚು, ಇಲ್ಲಿ ಹುದ್ದೆ ಖಾಲಿ. ಮೊದಲು ನೌಕರಿ ಸಿಗಲಿ, ಆಮೇಲೆ ವರ್ಗ ಮಾಡಿಸಿಕೊಂಡರಾಯಿತು ಅಂತ. ತಪ್ಪೇನಿಲ್ಲ. ನಾನೂ ಬೆಂಗಳೂರಿಗೆ ಬಂದಿದ್ದು ಹೀಗೆಯೇ. ಆದ್ರೆ ಇದರಿಂದ ನಮ್ಮ ಊರು ಒಂದು ಬಸ್‌ಸ್ಟ್ಯಾಂಡ್ ಆಯಿತು. ಎಲ್ಲರೂ ಚೀಲ ಕಟ್ಟಿಕೊಂಡೇ ಕೂತಿರುತ್ತಿದ್ದರು. ಹಾಸನದ ಮಾಸ್ತರು ಏಪ್ರಿಲ್ ಬಿಸಿಲಲ್ಲಿ ತಲೆ ಮೇಲೆ ಹಸಿ ಟವಲ್ಲು ಹಾಕಿಕೊಂಡು ಪಾಠ ಮಾಡುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಜೋಳದ ರೊಟ್ಟಿ ಅವರಿಗೆ ಒಗ್ಗಲಿಲ್ಲ, ನಮ್ಮ ಮಾತು ಅರ್ಥ ಆಗಲಿಲ್ಲ. ನಾವು "ಸರ, ಅಂವ ನನ್ನ ಪಾಟಿ ಕಸಗೊಂಡಾನ್ರಿ" ಅಂದ್ರೆ ಅವರು ಪಾಠ ಅಂತ ತಿಳಿಯುತ್ತಿದ್ದರು.

ನಾನು ಐದನೇತ್ತದಲ್ಲಿದ್ದಾಗ, 1996ರಲ್ಲಿ, ಮೈಸೂರು ಟೀಚರು ಬಂದರು. ಆಗಿನ ಮೈಸೂರು ಜಿಲ್ಲೆ, ಈಗಿನ ಚಾಮರಾಜನಗರದ ಕಡೆಯವರು. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು ಇರಬೇಕು. ನಮಗೆ ಲೆಕ್ಕ ಕಲಿಸಿದರು. ಕಡಲೆಕಾಯಿ ತಂದು ಭಿನ್ನರಾಶಿ ಹೇಳಿಕೊಟ್ಟರು. ಹನ್ನೆರಡು ಕಡಲೆಕಾಯಿಯಲ್ಲಿ ಮೂರನೇ ಒಂದು ಭಾಗ ಯಾರು ಸರಿಯಾಗಿ ತೆಗೆಯುತ್ತಾರೋ ಅವರಿಗೆ ಆ ಭಾಗ ತಿನ್ನೋಕೆ. ಮೊದಲ ವಾರವೇ ಅವರು ಮಾಡಿದ ಇನ್ನೊಂದು ಕೆಲಸ ಅಂದ್ರೆ ಕೂರುವ ಜಾಗ ಬದಲಿಸಿದ್ದು. ನಮ್ಮ ಸಾಲಿಯಲ್ಲಿ ಕೇರಿಯ ಮಕ್ಕಳು ಬಾಗಿಲ ಹತ್ತಿರ ಕೂರೋದು ಯಾರೂ ಹೇಳದೇ ನಡೆದುಕೊಂಡು ಬಂದಿತ್ತು. ಟೀಚರು ಎತ್ತರದ ಪ್ರಕಾರ ಕೂರಿಸಿದರು. ಕುಳ್ಳಗಿದ್ದವರು ಮುಂದೆ. ಹಾಗೆ ನನ್ನ ಪಕ್ಕಕ್ಕೆ ಬಂದು ಕೂತವನು ನನ್ನ ಗೆಳೆಯ.

ಇಪ್ಪತ್ತು ವರ್ಷ ಇದ್ದರು ಅಂದೆನಲ್ಲ, ಪಕ್ಕದೂರಿನ ಮಾಸ್ತರು, ಒಳ್ಳೆಯವರೇ. ಆದ್ರೆ ಇಪ್ಪತ್ತು ವರ್ಷದಲ್ಲಿ ಅವರು ಆ ಜಾಗ ಬದಲಿಸಲಿಲ್ಲ. ಅವರಿಗೆ ಈ ಊರಲ್ಲೇ ನೆಂಟರಿದ್ದರು, ಮದುವೆ ಮುಂಜಿಗೆ ಬರಬೇಕಿತ್ತು. ಹೊರಗಿಂದ ಬಂದವರಿಗೆ ಆ ಹಂಗಿರಲಿಲ್ಲ. ಗಳಿಸಿದ್ದು ಅಂತ ಆಗಲೇ ಅಂದಿದ್ದು ಇದನ್ನೇ. ಊರಿನ ಕಾಳು ತಿನ್ನದ ಮಾಸ್ತರು ಊರಿಗೆ ಹೆದರಬೇಕಾಗಿಲ್ಲ.

ನನ್ನ ಗೆಳೆಯ ಲೆಕ್ಕದಲ್ಲಿ ನನಗಿಂತ ಬಹಳ ಮುಂದೆ. ಇದು ಈಗ ದೊಡ್ಡ ಮನಸ್ಸು ಮಾಡಿ ಹೇಳ್ತಿರೋದಲ್ಲ. ಟೀಚರು ಹಲಗೆ ಮೇಲೆ ಬರೆದು ತಿರುಗೋದರೊಳಗೆ ಅವನ ಉತ್ತರ ಸಿದ್ಧ ಇರುತ್ತಿತ್ತು. ನಾನು ಅವನ ಪಾಟಿ ನೋಡಿ ಬರೆಯುತ್ತಿದ್ದೆ. ಟೀಚರು ಅವನ ಅಪ್ಪನನ್ನು ಕರೆಸಿ, ಇವನನ್ನ ಹೈಸ್ಕೂಲಿಗೆ ಕಳಿಸಲೇಬೇಕು ಅಂತ ಮಾತು ತಗೊಂಡಿದ್ದರು.

ಹತ್ತೇ ತಿಂಗಳು. ಆಮೇಲೆ ಟೀಚರು ಬರಲಿಲ್ಲ. ಲೆಕ್ಕಕ್ಕೆ ಯಾರೂ ಬರಲಿಲ್ಲ. ಆರನೇತ್ತದ ಅರ್ಧ ವರ್ಷ ನಾವು ಲೆಕ್ಕದ ಪೀರಿಯಡ್ಡಿಗೆ ಸಾಲಿ ಅಂಗಳ ಗುಡಿಸಿದ್ದೇವೆ. ಅವನು ಮೊದಲು ವಾರಕ್ಕೆ ಎರಡು ದಿನ ತಪ್ಪಿಸಿದ, ಆಮೇಲೆ ನಾಲ್ಕು ದಿನ, ಆಮೇಲೆ ದನ ಕಾಯೋಕೆ ಹೋದ. ಅವನ ಅಪ್ಪನಿಗೆ ಮಾತು ನೆನಪಿಸೋಕೆ ಮಾತು ತಗೊಂಡವರೇ ಇರಲಿಲ್ಲ. ನನಗೆ ಮನೆಯಲ್ಲಿ ಓದಿದ ಚಿಕ್ಕಪ್ಪ ಇದ್ದ, ಹೊಲ ಇತ್ತು, ಹೈಸ್ಕೂಲಿಗೆ ಬಸ್ ಪಾಸು ಮಾಡಿಸಿದರು. ನಾನು ಬಿಇ ಮುಗಿಸಿದೆ. ಅವನು ಪ್ರತಿ ವರ್ಷ ಗುಳೆ ಹೋಗುತ್ತಾನೆ. ಒಂದು ಸಲ ಬೆಂಗಳೂರಿನಲ್ಲಿ ನನ್ನ ಆಫೀಸಿನ ಎದುರೇ ಎದ್ದ ಕಟ್ಟಡದಲ್ಲಿ ಅವನು ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಎಷ್ಟು ಅಡಿಗೆ ಎಷ್ಟು ಕಬ್ಬಿಣ ಬೇಕು ಅಂತ ಇವತ್ತಿಗೂ ಬಾಯಲ್ಲೇ ಹೇಳ್ತಾನಂತೆ.

ಇಷ್ಟು ವರ್ಷ ನಾನು ಮೈಸೂರು ಟೀಚರ ಮೇಲೆ ಒಂದು ಸಿಟ್ಟು ಇಟ್ಟುಕೊಂಡಿದ್ದೆ. ಪಾಠ ಚೆನ್ನಾಗಿ ಮಾಡೋರು ಬೇಗ ಹೋಗ್ತಾರೆ, ದೊಡ್ಡವರ ಕಡೆಯಿಂದ ಚೀಟಿ ತಂದು ಊರಿಗೆ ಓಡ್ತಾರೆ ಅಂತ. ಎಕ್ಸೆಲ್ ಮಾಡುವಾಗ ಅವರ ಸಾಲಿಗೆ ಬಂದೆ. ಅಲ್ಲಿ ಬಿಡುಗಡೆ ಅಂತ ಕೆಂಪು ಶಾಯಿ ಇರಲಿಲ್ಲ. "ನಿಯೋಜನೆ" ಅಂತ ಇತ್ತು. ಅಂದ್ರೆ ಅವರ ಹುದ್ದೆ, ಸಂಬಳ ನಮ್ಮ ಸಾಲಿಯ ಲೆಕ್ಕದಲ್ಲಿ, ಕೆಲಸ ಮಾತ್ರ ತಾಲ್ಲೂಕು ಊರಿನ ಶಾಲೆಯಲ್ಲಿ. ಹೀಗೆ ಮೂರು ವರ್ಷ. ಕಾಗದದ ಮೇಲೆ ಹುದ್ದೆ ಭರ್ತಿ ಇದೆ, ಹಾಗಾಗಿ ಬೇರೆಯವರನ್ನು ಕಳಿಸೋ ಹಾಗಿಲ್ಲ. ನಾವು ಅಂಗಳ ಗುಡಿಸುತ್ತಿದ್ದಾಗ ಸರ್ಕಾರದ ಪುಸ್ತಕದಲ್ಲಿ ನಮಗೆ ಲೆಕ್ಕದ ಟೀಚರು ಇದ್ದರು.

ಹೆಡ್‌ಮಾಸ್ತರು ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ವಿಚಾರಿಸಿ ಅವರ ನಂಬರು ಹುಡುಕಿಕೊಟ್ಟರು. ಇನ್ನೇನು ನಿವೃತ್ತಿಗೆ ಹತ್ತಿರ ಇದ್ದಾರೆ. ಫೋನ್ ಮಾಡಿದೆ. ನನ್ನ ನೆನಪಿರಲಿಲ್ಲ. ನನ್ನ ಗೆಳೆಯನ ಹೆಸರು ಹೇಳಿದ ಕೂಡಲೇ, "ಅವನು ಏನ್ಮಾಡ್ತಿದಾನಪ್ಪ? ಇಂಜಿನಿಯರ್ ಆದ್ನಾ?" ಅಂದರು. ನಾನು ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಯಾಕೆ ಹೋದ್ರಿ ಟೀಚರ್?" ಅಂತ ಕೇಳಿಯೇಬಿಟ್ಟೆ.

"ನಿಮ್ಮೂರಲ್ಲಿ ಮನೆ ಸಿಗಲಿಲ್ಲ ಕಣಪ್ಪ. ಎಲ್ಲರೂ ಮೊದಲು ಯಾವ ಊರು ಅಂತ ಕೇಳೋರು, ಆಮೇಲೆ ಯಾವ ಜನ ಅಂತ ಕೇಳೋರು. ನಾನು ಮುಚ್ಚಿಡಲಿಲ್ಲ. ಆಮೇಲೆ ಮನೆ ಇಲ್ಲ ಅನ್ನೋರು. ಕೇರಿಯಲ್ಲಿ ಕೊಡ್ತೀವಿ ಅಂದ್ರು, ಅವರಿಗೇ ಒಂದೊಂದು ಕೋಣೆ ಇದ್ದಿದ್ದು. ತಾಲ್ಲೂಕಿಂದ ಬೆಳಗಿನ ಬಸ್ಸಲ್ಲಿ ಬರ್ತಿದ್ದೆ. ಆ ಬಸ್ಸು ತಪ್ಪಿದ್ರೆ ನಾಲ್ಕು ಮೈಲಿ ನಡಿಗೆ. ಸಂಜೆ ಬಸ್ಸು ಬರದೇ ಇದ್ದ ದಿನ ಹೆಣ್ಣುಮಗಳು ಎಲ್ಲಿ ಮಲಗಲಿ? ಹತ್ತು ತಿಂಗಳು ಮಾಡಿದೆ. ಆಗಲಿಲ್ಲ."

ಆಮೇಲೆ ಅವರು, "ನಿಮ್ಮದು ಅಗಸಿ ಹತ್ರದ ದೊಡ್ಡ ಮನೆ ಅಲ್ವಾ? ನಿಮ್ಮ ತಂದೆಯವರನ್ನೂ ಕೇಳಿದ್ದೆ. ಹೊರಗಿನ ಕೋಣೆ ಖಾಲಿ ಇತ್ತು" ಅಂದರು. ಅದರಲ್ಲಿ ಸಿಟ್ಟಿರಲಿಲ್ಲ. ವಿಳಾಸ ಖಾತ್ರಿ ಮಾಡಿಕೊಳ್ಳೋ ಹಾಗೆ ಹೇಳಿದರು.

ಆ ಕೋಣೆ ನನಗೆ ಗೊತ್ತು. ಅದರಲ್ಲಿ ಹತ್ತಿ ಚೀಲ ಒಟ್ಟುತ್ತಿದ್ದರು, ವರ್ಷದಲ್ಲಿ ಎರಡು ತಿಂಗಳು. ಉಳಿದ ಹತ್ತು ತಿಂಗಳು ಬೀಗ. ಅಪ್ಪನನ್ನು ಕೇಳಿದೆ. ಅಪ್ಪ ಮುಖ ನೋಡಲಿಲ್ಲ. "ಆಗಿನ ಕಾಲ ಹಂಗಿತ್ತಪ. ನಾ ಒಬ್ಬನ ಕೊಟ್ರ ಊರಾಗ ಏನಂತಿದ್ರು?" ಅಂದ. ಸ್ವಲ್ಪ ಹೊತ್ತಾದ ಮೇಲೆ ತಾನೇ, "ನಿನಗ ಲೆಕ್ಕ ಕಲಿಸಿದಾಕಿ ಅಲ್ಲೇನು ಆಕಿ?" ಅಂತ ಕೇಳಿದ. ಹೂಂ ಅಂದೆ.

ವರ್ಗಾವಣೆಯ ಇತಿಹಾಸ ಅಂದ್ರೆ ಸರ್ಕಾರದ ಆದೇಶಗಳ ಇತಿಹಾಸ ಅಂದುಕೊಂಡಿದ್ದೆ. ಆ ಬೀಗದ ಕೋಣೆಯೂ ಅದರಲ್ಲಿ ಇದೆ.

ಆದೇಶಗಳ ಕಥೆಯನ್ನೂ ಪೂರ್ತಿ ಮಾಡಿಬಿಡ್ತೀನಿ. ಮೊದಲೆಲ್ಲ ವರ್ಗಾವಣೆಗೆ ಶಾಸಕರ ಪತ್ರ, ಮಂತ್ರಿಗಳ ಟಿಪ್ಪಣಿ ನಡೆಯುತ್ತಿತ್ತು. ಯಾರಿಗೆ ಕೈ ಮೇಲಿದೆಯೋ ಅವರಿಗೆ ಊರು, ಇಲ್ಲದವರಿಗೆ ಕಾಡು. 2007ರಲ್ಲಿ ರಾಜ್ಯ ಸರ್ಕಾರ ಶಿಕ್ಷಕರ ವರ್ಗಾವಣೆ ನಿಯಂತ್ರಣಕ್ಕೇ ಒಂದು ಕಾಯ್ದೆ ತಂದಿತು. ಶಾಲೆಗಳನ್ನು ಎ, ಬಿ, ಸಿ ಅಂತ ವಲಯ ಮಾಡಿದರು. ದೊಡ್ಡ ಊರುಗಳು ಎ, ನಮ್ಮಂಥ ಹಳ್ಳಿಗಳು ಸಿ. ಕೌನ್ಸೆಲಿಂಗ್‌ಗೆ ಕಾನೂನಿನ ಬಲ ಬಂತು. ಖಾಲಿ ಜಾಗದ ಪಟ್ಟಿ ಪರದೆ ಮೇಲೆ, ಎಲ್ಲರ ಎದುರು ಆಯ್ಕೆ. ಗಂಡ ಹೆಂಡತಿ ಒಂದು ಕಡೆ ಇರಲಿ ಅಂತ, ಕಾಯಿಲೆಯವರಿಗೆ ಅಂತ ಆದ್ಯತೆ. 2020ರಲ್ಲಿ ಅದರ ಬದಲಿಗೆ ಹೊಸ ಕಾಯ್ದೆ ಬಂತು. ಖಾಲಿ ಹುದ್ದೆ ಮಿತಿ ಮೀರಿದ ತಾಲ್ಲೂಕುಗಳಿಂದ ಹೊರಗೆ ಬಿಡಬಾರದು ಅನ್ನೋ ತಡೆಯೂ ಇದೆ. ಲಂಚ, ಶಿಫಾರಸು ಕಡಿಮೆ ಆಯಿತು ಅಂತ ಮಾಸ್ತರುಗಳೇ ಹೇಳ್ತಾರೆ. ಆದ್ರೆ ಕಾನೂನು ಸಾಲನ್ನು ನೇರ ಮಾಡಿತು, ಸಾಲು ಹೋಗೋ ದಿಕ್ಕು ಬದಲಾಗಲಿಲ್ಲ. ಸಿ ಇಂದ ಎ ಕಡೆಗೇ ಎಲ್ಲರ ಮುಖ.

2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ಒಂದು ಶಾಲೆಯಲ್ಲಿ ಮಂಜೂರಾದ ಹುದ್ದೆಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಖಾಲಿ ಇರಬಾರದು ಅಂತ ಅದರಲ್ಲೇ ಬರೆದಿದೆ. ನಾಲ್ಕು ಹುದ್ದೆಯ ಶಾಲೆಯಲ್ಲಿ ಒಬ್ಬರು ಹೋದರೆ ಶೇ. 25 ಖಾಲಿ. ಅಂದ್ರೆ ಸಣ್ಣ ಶಾಲೆಯಲ್ಲಿ ಒಂದು ಕುರ್ಚಿಯೂ ಖಾಲಿ ಇರೋ ಹಾಗಿಲ್ಲ. ಕಾನೂನು ಓದಿದರೆ ಖುಷಿ ಆಗುತ್ತೆ.

ನಿಜವಾಗಿ ಚಕ್ರವನ್ನು ಸ್ವಲ್ಪ ನಿಲ್ಲಿಸಿದ್ದು 371ಜೆ. ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ ಬಂದು, 2013ರಿಂದ ನಮ್ಮ ಭಾಗದ ನೌಕರಿಗಳಲ್ಲಿ ನಮ್ಮ ಭಾಗದವರಿಗೆ ಮೀಸಲು ಸಿಕ್ಕಿತು. ಈಗಿನ ಹೆಡ್‌ಮಾಸ್ತರು ನಮ್ಮ ಜಿಲ್ಲೆಯವರೇ. ಒಬ್ಬ ಟೀಚರು ಪಕ್ಕದ ತಾಲ್ಲೂಕಿನವರು. ಮಕ್ಕಳು "ಪಾಟಿ" ಅಂದ್ರೆ ಅವರಿಗೆ ಪಾಟಿಯೇ ತಿಳಿಯುತ್ತೆ. ಉಳಿದ ಎರಡು ಹುದ್ದೆ ಖಾಲಿ, ಅತಿಥಿ ಶಿಕ್ಷಕರು ಇದ್ದಾರೆ. ಅವರನ್ನು ತಗೊಳ್ಳೋದು ಶಾಲೆ ಶುರುವಾದ ಮೇಲೆ, ಬಿಡೋದು ವರ್ಷ ಮುಗಿದ ಕೂಡಲೇ. ಮುಂದಿನ ಜೂನ್‌ಗೆ ಇವರೇ ಬರ್ತಾರೋ ಬೇರೆಯವರೋ ಗೊತ್ತಿಲ್ಲ. ಹಳೇ ಕಾಯಿಲೆಗೆ ಹೊಸ ಹೆಸರು. ವ್ಯತ್ಯಾಸ ಇಷ್ಟೇ, ಆಗ ಹೋಗುವ ಮಾಸ್ತರಿಗಾದರೂ ಪೂರ್ತಿ ಸಂಬಳ ಇತ್ತು.

ಮತ್ತೆ ಒಂದು ಮಾತು. ಊರಿನ ಮಾಸ್ತರೇ ಬಂದರೆ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳಲ್ಲ. ಕೂರುವ ಜಾಗ ಬದಲಿಸಿದ್ದು ಹೊರಗಿನವರು ಅನ್ನೋದು ನನಗೆ ನೆನಪಿದೆ. ಹೊರಗಿಂದ ಬರಬೇಕು, ಬಂದವರು ನಿಲ್ಲಬೇಕು. ನಿಲ್ಲೋಕೆ ಜಾಗ ಕೊಡಬೇಕು. ಸರ್ಕಾರ ಕೊಡಬೇಕಾದ್ದು ಭರ್ತಿ ಹುದ್ದೆ, ಹೊಸಬರು ಬರೋ ತನಕ ಹಳಬರನ್ನು ಬಿಡದ ನಿಯಮ, ಮಕ್ಕಳ ಬಗ್ಗೆ ನಾಲ್ಕು ಸಾಲು ಬರೆದುಕೊಡೋ ಚಾರ್ಜ್ ಪಟ್ಟಿ. ಊರು ಕೊಡಬೇಕಾದ್ದು ಒಂದು ಕೋಣೆ.

ಗೆಳೆಯನ ಮಗಳು ಈಗ ಅದೇ ಸಾಲಿಯಲ್ಲಿ ಐದನೇತ್ತ. ಪ್ರಿಂಟರು ಸರಿಮಾಡಿದ ದಿನ ಅವಳು ಹಲಗೆ ಮುಂದೆ ಮೊದಲ ಸಾಲಿನಲ್ಲಿ ಕೂತಿದ್ದಳು, ಅಪ್ಪನ ಹಾಗೇ ಕುಳ್ಳಿ. ಅವಳಿಗೆ ಲೆಕ್ಕ ಹೇಳೋರು ಅತಿಥಿ ಶಿಕ್ಷಕಿ, ಕೊಪ್ಪಳದ ಕಡೆಯವರು. ದಿನಾ ಬಸ್ಸಲ್ಲಿ ಬರ್ತಾರೆ. ನಾನು ಬೆಂಗಳೂರಿಗೆ ಹೊರಡೋ ಹಿಂದಿನ ದಿನ ಅಪ್ಪ ಹೊರಗಿನ ಕೋಣೆಯ ಬೀಗ ತೆಗೆದು ಕಸ ಹೊಡೆಸುತ್ತಿದ್ದ. ಯಾಕೆ ಅಂತ ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಸುಣ್ಣ ಎಷ್ಟು ಬೇಕಾಗ್ತದ ಅಂತ ಮಾತ್ರ ಕೇಳಿದ.

ಆ ಟೀಚರು ಜೂನ್‌ನಲ್ಲಿ ಮತ್ತೆ ಬರ್ತಾರೋ ಇಲ್ಲವೋ, ಅದು ನಮ್ಮಪ್ಪನ ಕೈಲಿಲ್ಲ.